ಸೋಫಾದ ಮೇಲೆ ನಡೆಯುವ ಸಂದರ್ಶನ

ಕೆಲಸದ ಸಂದರ್ಶನ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಒಂದು ಮೇಜು, ಆಚೆ ಮೂರು ಜನ, ಈಚೆ ಇಸ್ತ್ರಿ ಮಾಡಿದ ಶರಟು. ಮಗು ನೋಡಿಕೊಳ್ಳುವ ಕೆಲಸದ ಸಂದರ್ಶನದಲ್ಲಿ ಇವು ಯಾವುವೂ ಇಲ್ಲ. ಅದು ನಡೆಯುವುದು ಇನ್ನೊಬ್ಬರ ಮನೆಯ ಹಜಾರದಲ್ಲಿ, ಅವರದೇ ಸೋಫಾದ ಮೇಲೆ, ಚೆಲ್ಲಾಡಿದ ಆಟಿಕೆಗಳ ನಡುವೆ. ಪ್ರಶ್ನೆ ಕೇಳುವವರು ಗಂಡ ಹೆಂಡತಿ. ಅಂಕ ಕೊಡುವುದು ಎಂಟು ತಿಂಗಳ ಮಗು, ಮತ್ತು ಅಡುಗೆಮನೆಯಿಂದ ಇಣುಕುವ ಅಜ್ಜಿ. ಚಪ್ಪಲಿ ಎಲ್ಲಿ ಬಿಡಬೇಕು, ಕೊಟ್ಟ ಕಾಫಿ ಕುಡಿಯಬೇಕೋ ಬೇಡವೋ, ಮಗುವನ್ನು ಕೇಳದೆ ಎತ್ತಿಕೊಳ್ಳಬಹುದೋ, ಯಾವುದಕ್ಕೂ ಯಾರೂ ಬರೆದಿಟ್ಟ ನಿಯಮವಿಲ್ಲ. ಬಂದವರ ಬಣ್ಣ ಮನೆಯವರ ಬಣ್ಣಕ್ಕಿಂತ ಬೇರೆಯಾಗಿದ್ದರಂತೂ ಈ ಸಣ್ಣಪುಟ್ಟ ಅನುಮಾನಗಳೆಲ್ಲ ದೊಡ್ಡವಾಗುತ್ತವೆ.

ಅಮೆರಿಕದ ಕನ್ನಡ ಮನೆಗಳಲ್ಲಿ ಈ ಸಂದರ್ಶನಕ್ಕೆ ಒಂದು ಹಂಗಾಮಿದೆ. ಹೆರಿಗೆಗೆ ಮುಂಚೆ ಅಮ್ಮ ಬರುತ್ತಾರೆ, ಬಾಣಂತನ ಮುಗಿಸಿ ಆರು ತಿಂಗಳಿಗೆ ಹೊರಡುತ್ತಾರೆ. ಅವರು ವಿಮಾನ ಹತ್ತುವುದರೊಳಗೆ ಅತ್ತೆ ಬಂದಿಳಿಯುತ್ತಾರೆ. ಅವರದೂ ಆರು ತಿಂಗಳು. ಪ್ರವಾಸಿ ವೀಸಾದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಸಿಗುವುದೇ ಅಷ್ಟು. ಎರಡನೆಯ ಅಜ್ಜಿ ಹಿಂದಿರುಗುವ ಟಿಕೆಟ್ ಪಕ್ಕಾ ಆದ ವಾರವೇ ಮಗ ಸೊಸೆ ಲ್ಯಾಪ್‌ಟಾಪ್ ತೆರೆದು ನ್ಯಾನಿ ಹುಡುಕಲು ಕೂರುತ್ತಾರೆ. ವಾಷಿಂಗ್ಟನ್ ಡಿಸಿ ಸುತ್ತಲಿನ ಆ್ಯಶ್‌ಬರ್ನ್, ಹರ್ಂಡನ್, ಜರ್ಮನ್‌ಟೌನ್‌ಗಳಲ್ಲಿ, ಅಟ್ಲಾಂಟಾದ ಉತ್ತರಕ್ಕಿರುವ ಆಲ್ಫರೆಟ್ಟಾ, ಕಮಿಂಗ್‌ಗಳಲ್ಲಿ, ನಾರ್ತ್ ಕ್ಯಾರೊಲಿನಾದ ಕ್ಯಾರಿ, ಮಾರಿಸ್‌ವಿಲ್‌ಗಳಲ್ಲಿ ಎಲ್ಲೆಲ್ಲೂ ಇದೇ ಕಥೆ. ಡಿಸಿಯಲ್ಲಿ ಕಾವೇರಿ ಕನ್ನಡ ಸಂಘವಿದೆ, ಅಟ್ಲಾಂಟಾದಲ್ಲಿ ನೃಪತುಂಗ ಕನ್ನಡ ಕೂಟವಿದೆ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ದ 2012ರ ಸಮ್ಮೇಳನ ನಡೆದದ್ದೂ ಅಟ್ಲಾಂಟಾದಲ್ಲೇ. ಯುಗಾದಿ ಊಟಕ್ಕೆ ಸಭಾಂಗಣ ತುಂಬುವ ಊರುಗಳಿವು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಮಗು ಹಿಡಿದುಕೊಳ್ಳಲು ಮಾತ್ರ ಒಬ್ಬರೂ ಸಿಗುವುದಿಲ್ಲ.

ಆಗ ಬಾಗಿಲಿಗೆ ಬರುವವರಲ್ಲಿ ಆಫ್ರಿಕನ್ ಅಮೆರಿಕನ್ ಮಹಿಳೆಯರಿರುತ್ತಾರೆ, ಎಲ್ ಸಾಲ್ವಡಾರ್‌ನಿಂದಲೋ ಇಥಿಯೋಪಿಯಾದಿಂದಲೋ ಬಂದು ನೆಲೆಸಿದವರಿರುತ್ತಾರೆ. ಭಾರತೀಯರ ಮನೆಗೆ ಹೋಗುವ ಮುನ್ನ ಅವರು ಗೆಳತಿಯರನ್ನು ವಿಚಾರಿಸಿಕೊಳ್ಳುವುದುಂಟು: ಅವರ ಹತ್ತಿರ ಕೆಲಸ ಮಾಡಿದ್ದೀಯಾ, ಹೇಗೆ ನಡೆಸಿಕೊಳ್ಳುತ್ತಾರೆ? ಇದನ್ನು ಕೇಳಿದರೆ ನಮ್ಮವರಿಗೆ ಅಚ್ಚರಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪಕ್ಕಕ್ಕೆ ನಿಲ್ಲಿಸುವುದು ನಮ್ಮನ್ನು, ಹೆಸರು ಕುಲಗೆಡಿಸಿ ಕರೆಯುವುದು ನಮ್ಮದನ್ನು. ನಮ್ಮನ್ನು ಕಂಡು ಇನ್ನೊಬ್ಬರು ಅಳುಕುವುದುಂಟೇ? ಉಂಟು. ಆಫೀಸಿನಲ್ಲಿ ನಾವು ಯಾರೇ ಆಗಿರಲಿ, ಆ ಸೋಫಾದ ಮೇಲೆ ನಾವು ಸಂಬಳ ಕೊಡುವವರು.

ಆಕೆಯ ಆತಂಕ ಎಂಥದ್ದು ಎಂದು ಸ್ವಲ್ಪ ಬಿಡಿಸಿ ನೋಡಬೇಕು. ಫೋನಿನಲ್ಲಿದ್ದ ಸಲಿಗೆ ಬಾಗಿಲು ತೆರೆದಾಗ ಇಲ್ಲದಿರುವುದನ್ನು ಈ ಕೆಲಸದವರಲ್ಲಿ ಬಹಳ ಮಂದಿ ಕಂಡಿದ್ದಾರೆ. ಮನೆಯವರ ನಗು ಒಂದು ಗಳಿಗೆ ತಡವಾಗಿ ಬರುತ್ತದೆ. ‘ಇನ್ನೂ ಒಬ್ಬಿಬ್ಬರನ್ನು ನೋಡ್ತಾ ಇದ್ದೀವಿ’ ಎಂಬ ಮಾತು ಹತ್ತು ನಿಮಿಷಕ್ಕೇ ಬಂದುಬಿಡುತ್ತದೆ. ಕಾರಣ ಬಣ್ಣವೋ, ಅನುಭವ ಸಾಲದೆಂಬುದೋ, ಕೇಳಿದ ಸಂಬಳವೋ? ಅದು ಆಕೆಗೆ ಎಂದೂ ತಿಳಿಯುವುದಿಲ್ಲ, ಮತ್ತು ಅಳುಕಿನಲ್ಲಿ ಅರ್ಧ ಪಾಲು ಹೀಗೆ ತಿಳಿಯದಿರುವುದರದ್ದೇ. ಅದಕ್ಕೇ ಕೆಲವರು ಕೆಲಸ ಹುಡುಕುವ ಜಾಲತಾಣದ ಪ್ರೊಫೈಲಿನಲ್ಲಿ ಮೊದಲೇ ದೊಡ್ಡದಾಗಿ ಫೋಟೊ ಹಾಕಿಬಿಡುತ್ತಾರೆ. ಬೇಡವೆನ್ನುವವರು ಅಲ್ಲೇ ಬೇಡವೆನ್ನಲಿ. ಇಪ್ಪತ್ತು ಮೈಲಿ ಕಾರು ಓಡಿಸಿಕೊಂಡು ಬಂದ ಮೇಲೆ ಯಾಕೆ?

ಕೆಲಸ ಸಿಕ್ಕಿದ ಮೇಲೂ ಇದು ಮುಗಿಯುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾ ಪಕ್ಕದ ಕಾಬ್ ಕೌಂಟಿಯಲ್ಲಿ ಕಪ್ಪು ವರ್ಣದ ಯುವಕನೊಬ್ಬ ಪರಿಚಯದವರ ಇಬ್ಬರು ಬಿಳಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ. ಮಕ್ಕಳಿಗೆ ದಾರಿ ತೋರುವ ಕಾರ್ಯಕ್ರಮವೊಂದನ್ನು ನಡೆಸುವುದೇ ಅವನ ಕಸುಬು. ವಾಲ್‌ಮಾರ್ಟ್ ಹತ್ತಿರ ಕಂಡ ಒಬ್ಬ ಹೆಂಗಸು, ಮಕ್ಕಳನ್ನು ಮಾತಾಡಿಸಬೇಕೆಂದು ಹಟ ಹಿಡಿದಳು. ಅವನು ಒಪ್ಪಲಿಲ್ಲ. ಆಕೆ ಕಾರಿನಲ್ಲಿ ಹಿಂಬಾಲಿಸಿ ಮನೆಯ ತನಕ ಬಂದಳು, ಪೊಲೀಸರನ್ನೂ ಕರೆಸಿದಳು. ಪೊಲೀಸರು ಮಕ್ಕಳನ್ನು ವಿಚಾರಿಸಿ, ಹೊರಗೆ ಊಟಕ್ಕೆ ಹೋಗಿದ್ದ ತಂದೆ ತಾಯಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡರು. ಇಡೀ ಘಟನೆಯನ್ನು ಅವನು ಫೋನಿನಲ್ಲಿ ನೇರಪ್ರಸಾರ ಮಾಡಿದ್ದರಿಂದ ದೇಶಕ್ಕೆಲ್ಲ ಗೊತ್ತಾಯಿತು. ಪಾರ್ಕಿನಲ್ಲಿ ಪಕ್ಕದ ಮನೆಯವರು ‘ಈ ಮಗು ಯಾರದು?’ ಎಂದು ಕೇಳಿದರೆ ನನ್ನ ಪರವಾಗಿ ಯಾರು ನಿಲ್ಲುತ್ತಾರೆ ಎಂಬ ಪ್ರಶ್ನೆ ಸಂದರ್ಶನಕ್ಕೆ ಬಂದವರ ಮನಸ್ಸಿನಲ್ಲಿ ಇಂಥ ಕಡೆಯಿಂದ ಬಂದದ್ದು.

ಇನ್ನು ಊರಿನ ಚರಿತ್ರೆ. ಅಟ್ಲಾಂಟಾದ ಉತ್ತರಕ್ಕೆ ಜಿಎ-400 ಹೆದ್ದಾರಿ ಹಿಡಿದು ಹೋದರೆ ಫೋರ್ಸೈತ್ ಕೌಂಟಿ. ಕಮಿಂಗ್ ಅದರ ಮುಖ್ಯ ಊರು. ಒಳ್ಳೆಯ ಸರ್ಕಾರಿ ಶಾಲೆಗಳೆಂದು ಕಳೆದ ಎರಡು ದಶಕಗಳಲ್ಲಿ ಭಾರತೀಯರು ಅಲ್ಲಿಗೆ ಮುಗಿಬಿದ್ದು ಮನೆ ಕೊಂಡಿದ್ದಾರೆ. ಅದೇ ಕೌಂಟಿಯಲ್ಲಿ 1912ರ ಶರತ್ಕಾಲದಲ್ಲಿ, ಬಿಳಿ ಯುವತಿಯೊಬ್ಬಳ ಕೊಲೆಯಾದ ಬೆನ್ನಿಗೆ, ಒಬ್ಬ ಕಪ್ಪು ವ್ಯಕ್ತಿಯನ್ನು ಗುಂಪು ಕೊಂದಿತು, ಇಬ್ಬರು ಹದಿಹರೆಯದವರನ್ನು ಸರ್ಕಾರ ಗಲ್ಲಿಗೇರಿಸಿತು. ಆಮೇಲೆ ರಾತ್ರಿ ಕುದುರೆಯೇರಿ ಬಂದ ಬಿಳಿಯರು ಮನೆ ಮನೆಗೂ ಹೋಗಿ ಬೆದರಿಸಿ, ಬೆಂಕಿ ಇಟ್ಟು, ಸುಮಾರು 1,100 ಕಪ್ಪು ಜನರನ್ನು, ಅಂದರೆ ಹೆಚ್ಚುಕಡಿಮೆ ಇದ್ದಬದ್ದವರನ್ನೆಲ್ಲ, ಕೌಂಟಿಯಿಂದಲೇ ಓಡಿಸಿದರು. ಮುಂದಿನ ಏಳು ದಶಕ ಅಲ್ಲಿ ಕಪ್ಪು ಜನ ನೆಲೆಸಲಿಲ್ಲ ಎನ್ನಬಹುದು. 1987ರ ಜನವರಿಯಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ಹೋಸಿಯ ವಿಲಿಯಮ್ಸ್ ಮುಂದಾಳುತನದಲ್ಲಿ ನಡೆದ ಸಣ್ಣ ಮೆರವಣಿಗೆಯ ಮೇಲೆ ಕಲ್ಲು ಬಿತ್ತು. ಮರುವಾರ ಇಪ್ಪತ್ತು ಸಾವಿರದಷ್ಟು ಜನ ಬಂದು ನಡೆದರು. ಓಪ್ರಾ ವಿನ್‌ಫ್ರಿ ಆಗಷ್ಟೇ ದೇಶಾದ್ಯಂತ ಹೆಸರಾಗುತ್ತಿದ್ದ ತಮ್ಮ ಟಿವಿ ಕಾರ್ಯಕ್ರಮವನ್ನು ಅಲ್ಲಿಗೇ ಒಯ್ದರು.

ಕಮಿಂಗ್‌ನಲ್ಲಿ ಮನೆ ಕೊಂಡ ನಮ್ಮವರಲ್ಲಿ ಎಷ್ಟೋ ಜನಕ್ಕೆ ಈ ಕಥೆ ತಿಳಿಯದು. ಮನೆ ತೋರಿಸುವ ಏಜೆಂಟ್ ಶಾಲೆಯ ರೇಟಿಂಗ್ ಹೇಳುತ್ತಾನೆ, 1912ನ್ನು ಹೇಳುವುದಿಲ್ಲ. ಅಟ್ಲಾಂಟಾದಲ್ಲಿ ಹುಟ್ಟಿ ಬೆಳೆದ ಕಪ್ಪು ಮಹಿಳೆಗಾದರೋ ಅದು ಅಜ್ಜಿಯ ಬಾಯಲ್ಲೇ ಕೇಳಿದ ಕಥೆ. ಕತ್ತಲಾದ ಮೇಲೆ ಆ ಕಡೆ ಹೋಗಬೇಡ ಎಂಬ ಎಚ್ಚರಿಕೆಯ ಸಮೇತ. ಸಂಜೆ ಏಳರವರೆಗೆ ಇರಬೇಕಾಗುತ್ತದೆ ಎಂದು ಮನೆಯವರು ಹಗುರವಾಗಿ ಹೇಳಿದಾಗ ಆಕೆ ಯಾಕೆ ತಡೆದು ಉತ್ತರಿಸಿದಳು ಎಂದು ತಿಳಿಯಲು ಇಷ್ಟು ಹಿನ್ನೆಲೆ ಬೇಕು.

ಕೆಲಸಕ್ಕೇ ಒಂದು ಚರಿತ್ರೆಯಿದೆ, ಅದು ಊರಿನ ಚರಿತ್ರೆಗಿಂತ ಹಳೆಯದು. ರೈಲಿನಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಡಬ್ಬಿ ಎಂದು 1890ರಲ್ಲಿ ಲೂಸಿಯಾನ ರಾಜ್ಯ ಮಾಡಿದ ಕಾನೂನನ್ನು ಸುಪ್ರೀಂ ಕೋರ್ಟ್ 1896ರ ಪ್ಲೆಸಿ ತೀರ್ಪಿನಲ್ಲಿ ಎತ್ತಿಹಿಡಿಯಿತು. ಆ ಕಾನೂನಿನಲ್ಲಿ ಒಂದು ವಿನಾಯಿತಿ ಇತ್ತು: ಬೇರೆ ವರ್ಣದ ಮಕ್ಕಳನ್ನು ನೋಡಿಕೊಳ್ಳುವ ದಾದಿಯರಿಗೆ ಇದು ಅನ್ವಯಿಸದು. ಮಡಿಲಲ್ಲಿ ಬಿಳಿ ಮಗು ಇದ್ದರೆ ಆಕೆ ಬಿಳಿಯರ ಡಬ್ಬಿಯಲ್ಲಿ ಕೂರಬಹುದು. ಮಗುವನ್ನು ಮನೆಗೆ ತಲುಪಿಸಿ ಒಬ್ಬಳೇ ಹಿಂದಿರುಗುವಾಗ ಅದೇ ಡಬ್ಬಿಗೆ ಕಾಲಿಟ್ಟರೆ ಅಪರಾಧ. ವರ್ಣಭೇದದ ಇಷ್ಟೊಂದು ಕಾನೂನುಗಳಲ್ಲಿ ಇದರಷ್ಟು ನಿಚ್ಚಳವಾಗಿ ಆ ಕಾಲದ ಮನಸ್ಸನ್ನು ತೋರುವುದು ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ಆ ಮನಸ್ಸು ಪ್ರೀತಿಯ ಮಾತನ್ನೂ ಆಡುತ್ತಿತ್ತು ಎಂಬುದು ಮುಖ್ಯ. 1923ರಲ್ಲಿ ದಕ್ಷಿಣದ ಬಿಳಿ ಮಹಿಳೆಯರ ಸಂಘಟನೆಯೊಂದು, ತಮ್ಮನ್ನು ಸಾಕಿ ಬೆಳೆಸಿದ ‘ನಿಷ್ಠಾವಂತ’ ಕಪ್ಪು ದಾದಿಯರಿಗೆ ವಾಷಿಂಗ್ಟನ್‌ನಲ್ಲಿ ಸ್ಮಾರಕ ಕಟ್ಟಬೇಕೆಂದು ಕೇಳಿತು. ಮಸೂದೆಯನ್ನು ಕೆಳಮನೆಯಲ್ಲಿ ಮಂಡಿಸಿದವರು ನಾರ್ತ್ ಕ್ಯಾರೊಲಿನಾದ ಚಾರ್ಲ್ಸ್ ಸ್ಟೆಡ್‌ಮನ್. ಫೆಬ್ರುವರಿಯಲ್ಲಿ ಸೆನೆಟ್ ಒಪ್ಪಿಯೇಬಿಟ್ಟಿತು. ಕಪ್ಪು ಪತ್ರಿಕೆಗಳೂ ಮಹಿಳಾ ಸಂಘಗಳೂ ರೊಚ್ಚಿಗೆದ್ದವು. ಡಿಸಿಯ ಹೋರಾಟಗಾರ್ತಿ ಮೇರಿ ಚರ್ಚ್ ಟೆರೆಲ್ ಮುಂದೆ ನಿಂತು ವಿರೋಧಿಸಿದರು. ಗುಂಪು ಹತ್ಯೆ ತಡೆಯುವ ಮಸೂದೆಯನ್ನು ಹಿಂದಿನ ವರ್ಷವಷ್ಟೇ ಅದೇ ಸೆನೆಟ್ ಸಾಯಿಸಿತ್ತು. ದಾದಿಯ ಕಲ್ಲಿನ ಮೂರ್ತಿ ಬೇಕು, ಆಕೆಯ ಮಗನ ಜೀವ ಕಾಯುವ ಕಾನೂನು ಬೇಡ. ಸ್ಮಾರಕದ ಮಸೂದೆ ಕೆಳಮನೆಯಲ್ಲಿ ಬಿದ್ದುಹೋಯಿತು. ಇವತ್ತಿಗೂ ಸಂದರ್ಶನದಲ್ಲಿ ಮನೆಯವರು ‘ನೀವು ನಮ್ಮ ಮನೆಯವರ ಹಾಗೇ’ ಎಂದರೆ ಅನುಭವಸ್ಥ ನ್ಯಾನಿಯರು ಖುಷಿಪಡುವ ಬದಲು ಎಚ್ಚರಗೊಳ್ಳುತ್ತಾರೆ. ಮನೆಯವರಿಗೆ ಯಾರೂ ಓವರ್‌ಟೈಮ್ ಕೊಡುವುದಿಲ್ಲವಲ್ಲ.

ಈ ಕೆಲಸದ ರೂಪವನ್ನು ಬದಲಿಸಿದವರು ಸ್ವತಃ ಕೆಲಸದವರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ವರ್ಜೀನಿಯಾ, ಕ್ಯಾರೊಲಿನಾಗಳ ಹಳ್ಳಿಗಳಿಂದ ಸಾವಿರಾರು ಕಪ್ಪು ಹುಡುಗಿಯರು ವಾಷಿಂಗ್ಟನ್ನಿಗೆ ಮನೆಗೆಲಸಕ್ಕೆ ಬಂದರು. ಯಜಮಾನರ ಮನೆಯಲ್ಲೇ ವಾಸ, ಹಗಲೂ ರಾತ್ರಿ ದುಡಿತ, ವಾರದಲ್ಲಿ ಅರ್ಧ ದಿನ ಬಿಡುವು. ಅವರ ಕಥೆಗಳನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಿದವರು ಹೊವಾರ್ಡ್ ವಿಶ್ವವಿದ್ಯಾಲಯದ ಇತಿಹಾಸಕಾರ್ತಿ ಎಲಿಜಬೆತ್ ಕ್ಲಾರ್ಕ್-ಲೂಯಿಸ್. ಮನೆಯೊಳಗಿನ ವಾಸ ಬಿಟ್ಟು ಬೆಳಿಗ್ಗೆ ಬಂದು ಸಂಜೆ ಹೋಗುವ ಕೆಲಸಕ್ಕೆ ಬದಲಾಗಲು ಆ ಹೆಂಗಸರು ವರ್ಷಗಟ್ಟಲೆ ಹೆಣಗಿದರು. ಹಾಗೆ ಹೋಗಿ ಬರುವವರು ಕೆಲಸದ ಬಟ್ಟೆಯನ್ನು ಕೈಚೀಲದಲ್ಲಿ ಒಯ್ಯುತ್ತಿದ್ದರು, ಅದನ್ನು ಸ್ವಾತಂತ್ರ್ಯದ ಚೀಲವೆಂದೇ ಕರೆದರು. 1990ರಲ್ಲಿ ಬಂದ ಸಾಕ್ಷ್ಯಚಿತ್ರಕ್ಕೂ ಅದೇ ಹೆಸರು. ಬೆಂಗಳೂರಿನಲ್ಲಿ ಮನೆಯಲ್ಲೇ ಇರುವ ಕೆಲಸ ಬೇಡ, ನಾಲ್ಕು ಮನೆ ಮಾಡಿಕೊಂಡು ನನ್ನ ಮನೆಗೆ ಹೋಗುತ್ತೇನೆ ಎನ್ನುವ ಹೆಂಗಸಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಟ್ಲಾಂಟಾದ್ದು ಇನ್ನೂ ಗಟ್ಟಿ ಪರಂಪರೆ. 1881ರ ಜುಲೈನಲ್ಲಿ ಬಟ್ಟೆ ಒಗೆಯುವ ಇಪ್ಪತ್ತು ಕಪ್ಪು ಮಹಿಳೆಯರು ಕಟ್ಟಿದ ಸಂಘ ಮೂರೇ ವಾರದಲ್ಲಿ ಮೂರು ಸಾವಿರಕ್ಕೆ ಬೆಳೆದು ಮುಷ್ಕರ ಹೂಡಿತ್ತು. ಅದೇ ಊರಿನ ಡೊರೊತಿ ಬೋಲ್ಡನ್ ಒಂಬತ್ತನೇ ವಯಸ್ಸಿಗೇ ಮನೆಗೆಲಸಕ್ಕೆ ಇಳಿದವರು. 1940ರ ದಶಕದಲ್ಲೊಮ್ಮೆ ಹೊತ್ತು ಮುಗಿದ ಮೇಲೆ ಪಾತ್ರೆ ತೊಳೆಯೆಂದ ಯಜಮಾನಿಗೆ ಆಗದು ಎಂದು ಹೇಳಿ ಹೊರಟದ್ದಕ್ಕೆ ಪೊಲೀಸರು ಹಿಡಿದೊಯ್ದರು. ಬಿಳಿ ಯಜಮಾನಿಗೆ ಎದುರಾಡಿದವಳಿಗೆ ತಲೆ ಕೆಟ್ಟಿರಬೇಕೆಂದು ಮನೋವೈದ್ಯರಿಂದ ಪರೀಕ್ಷೆ ಮಾಡಿಸಿದರು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. 1968ರಲ್ಲಿ ಅವರು ಮನೆಗೆಲಸದವರ ರಾಷ್ಟ್ರೀಯ ಯೂನಿಯನ್ ಕಟ್ಟಿದರು. ಸದಸ್ಯರನ್ನು ಸೇರಿಸಿದ್ದು ಸಿಟಿ ಬಸ್ಸಿನಲ್ಲಿ: ಬೆಳಗಿನ ಬಸ್ಸುಗಳಲ್ಲಿ ಕೆಲಸಕ್ಕೆ ಹೋಗುವ ಹೆಂಗಸರೇ ತುಂಬಿರುತ್ತಿದ್ದರು, ಬೋಲ್ಡನ್ ಅವರ ಜೊತೆ ಕೂತು ಮಾತು ತೆಗೆಯುತ್ತಿದ್ದರು. ಸೇರುವವರು ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಲೇಬೇಕು ಎಂಬುದು ಷರತ್ತು.

ಬೋಲ್ಡನ್‌ಗೆ ಒಂದು ವಿಷಯ ಚೆನ್ನಾಗಿ ಅರ್ಥವಾಗಿತ್ತು. ಕಾರ್ಖಾನೆಯಲ್ಲಾದರೆ ಸಾವಿರ ಜನರ ಪರವಾಗಿ ನಾಲ್ವರು ಮುಖಂಡರು ಮಾಲೀಕನೊಡನೆ ಮಾತಾಡುತ್ತಾರೆ. ಮನೆಗೆಲಸದಲ್ಲಿ ಒಂದೊಂದು ಮನೆಗೂ ಒಬ್ಬೊಬ್ಬ ಮಾಲೀಕ, ಎದುರಿಗೆ ಒಬ್ಬಳೇ ಹೆಂಗಸು. ಹಾಗಾಗಿ ಯೂನಿಯನ್ ಒಟ್ಟಾರೆ ಚೌಕಾಸಿಗೆ ಕೈಹಾಕದೆ, ಒಬ್ಬೊಬ್ಬರಿಗೂ ಯಜಮಾನಿಯ ಮುಂದೆ ಕೂತು ಸಂಬಳ, ಹೊತ್ತು, ಬಸ್ ಚಾರ್ಜನ್ನು ಹೇಗೆ ಕೇಳಬೇಕು ಎಂದು ಹೇಳಿಕೊಟ್ಟಿತು. ಅಂದರೆ ಸಂದರ್ಶನದ ಅಳುಕನ್ನೇ ಅದು ಕೈಗೆತ್ತಿಕೊಂಡದ್ದು. ಈಗಿನ ರಾಷ್ಟ್ರೀಯ ಮನೆಗೆಲಸಗಾರರ ಒಕ್ಕೂಟ 2007ರಲ್ಲಿ ಹುಟ್ಟಿದ್ದೂ ಅಟ್ಲಾಂಟಾದಲ್ಲೇ. ಕಪ್ಪು ಕೆಲಸಗಾರ್ತಿಯರಿಗೆಂದೇ ಅದರಲ್ಲಿ ಒಂದು ವಿಭಾಗವಿದೆ.

ಕಾನೂನು ಇವರ ಕಡೆಗೆ ತಿರುಗಿದ್ದು ತಡವಾಗಿ. 1935ರ ಸೋಶಿಯಲ್ ಸೆಕ್ಯುರಿಟಿ, 1938ರ ಕನಿಷ್ಠ ವೇತನ, ಎರಡರಲ್ಲೂ ಮನೆಗೆಲಸದವರನ್ನು ಹೊರಗಿಡಲಾಗಿತ್ತು. ಮೊದಲನೆಯದು ಸಿಕ್ಕಿದ್ದು 1950ರಲ್ಲಿ, ಎರಡನೆಯದು 1974ರಲ್ಲಿ. 1964ರ ಪ್ರಸಿದ್ಧ ನಾಗರಿಕ ಹಕ್ಕುಗಳ ಕಾಯ್ದೆಯಂತೂ ಉದ್ಯೋಗದಲ್ಲಿ ವರ್ಣಭೇದವನ್ನು ಈಗಲೂ ನಿಷೇಧಿಸುವುದು ಹದಿನೈದು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಮಾತ್ರ. ಹದಿನೈದು ನ್ಯಾನಿಯರಿರುವ ಮನೆ ಎಲ್ಲಿದೆ? ಹಾಗೆಂದು ಮನೆಯವರು ಬಣ್ಣ ನೋಡಿ ಕಳಿಸಬಹುದೆಂದಲ್ಲ. ಒಪ್ಪಂದ ಮಾಡಿಕೊಳ್ಳುವ ಹಕ್ಕಿನಲ್ಲಿ ವರ್ಣಭೇದ ಸಲ್ಲದೆಂಬ 1866ರ ಹಳೆಯ ಕಾಯ್ದೆಗೆ ಕೆಲಸಗಾರರ ಲೆಕ್ಕವಿಲ್ಲ. ಅದು ಖಾಸಗಿಯವರಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿದ ಪ್ರಕರಣ ವಾಷಿಂಗ್ಟನ್ ಪಕ್ಕದ್ದೇ. ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳದ ಉತ್ತರ ವರ್ಜೀನಿಯಾದ ಎರಡು ಖಾಸಗಿ ಶಾಲೆಗಳದ್ದು. 2021ರಲ್ಲಿ ವರ್ಜೀನಿಯಾ ಇನ್ನೂ ಮುಂದೆ ಹೋಗಿ, ಒಬ್ಬರೇ ಒಬ್ಬ ಮನೆಗೆಲಸದವರಿದ್ದರೂ ಆ ಮನೆ ತನ್ನ ಮಾನವ ಹಕ್ಕುಗಳ ಕಾಯ್ದೆಯ ಕೆಳಗೆ ಬರುತ್ತದೆ ಎಂದು ಬರೆಯಿತು. ಮೇರಿಲ್ಯಾಂಡಿನ ಮಾಂಟ್ಗೊಮರಿ ಕೌಂಟಿಯಲ್ಲಿ ಲಿಖಿತ ಒಪ್ಪಂದದ ಕಾನೂನು 2008ರಿಂದಲೇ ಇದೆ, ಡಿಸಿ ಕೌನ್ಸಿಲ್ ತನ್ನದನ್ನು 2022ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತು. ಜಾರ್ಜಿಯಾದಲ್ಲೂ ಎರಡು ಕ್ಯಾರೊಲಿನಾಗಳಲ್ಲೂ ಇಂಥ ಪ್ರತ್ಯೇಕ ಕಾನೂನಿಲ್ಲ. ಕನಿಷ್ಠ ವೇತನದಲ್ಲೂ ಇದೇ ಕಂದರ: 2025ರ ಜುಲೈನಲ್ಲಿ ಡಿಸಿಯಲ್ಲಿ ಗಂಟೆಗೆ 17.95 ಡಾಲರ್ ಆಯಿತು, ಅಟ್ಲಾಂಟಾ, ನಾರ್ತ್ ಕ್ಯಾರೊಲಿನಾದ ಷಾರ್ಲಟ್‌ಗಳಲ್ಲಿ 2009ರಿಂದ ಅಲುಗದ 7.25.

ನಮ್ಮ ಮನೆಯ ಕಡೆ ಬರೋಣ. ಕನ್ನಡದ ಮನೆಗೆ ಅಮೆರಿಕದ ಚರಿತ್ರೆ ಗೊತ್ತಿಲ್ಲದಿರಬಹುದು, ಕೆಲಸದವರ ಚರಿತ್ರೆ ಗೊತ್ತಿದೆ. ಬೇರೆ ಲೋಟ, ಬೇರೆ ತಟ್ಟೆ, ಹಿತ್ತಲ ಬಾಗಿಲು, ಅಪಾರ್ಟ್‌ಮೆಂಟಿನ ಸರ್ವಿಸ್ ಲಿಫ್ಟು. ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯ ಕರ್ನಾಟಕ, 2004ರಲ್ಲಿ. ಆದರೆ ಅದು ಎಷ್ಟೆಂದು ತಿಳಿದು ಕೊಡುವ ಮನೆಗಳನ್ನು ಬೆರಳಲ್ಲಿ ಎಣಿಸಬಹುದು. ಬಣ್ಣದ ಮಾತಿಗೆ ಬಂದರೂ ನಮ್ಮ ಕೈ ಚೊಕ್ಕವಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಸೀಮೆಯ ಸಿದ್ದಿಗಳು ಆಫ್ರಿಕಾ ಮೂಲದ ಕನ್ನಡ ನಾಡಿನವರೇ. ತಲೆಮಾರುಗಳ ಕಾಲ ಭೂಮಾಲೀಕರ ಮನೆ ತೋಟಗಳಲ್ಲಿ ದುಡಿದ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಲು 2003 ಬರಬೇಕಾಯಿತು. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟದ ಕಡೆ ಸುಡಾನಿನ ವಿದ್ಯಾರ್ಥಿಯ ಕಾರು ಹರಿದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬಂದ, ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿತು. ಆ ಸುದ್ದಿ ಅಮೆರಿಕದ ಪತ್ರಿಕೆಗಳಲ್ಲೂ ಬಂದಿತ್ತು. ಭಾರತೀಯರ ಮನೆಯ ಬೆಲ್ ಒತ್ತುವ ಮುನ್ನ ಯಾರಾದರೂ ಅದನ್ನು ನೆನೆದರೆ ಅವರನ್ನು ಅತಿ ಸೂಕ್ಷ್ಮದವರೆಂದು ಜರಿಯಲಾಗದು.

ಸಂದರ್ಶನದಲ್ಲಿ ಎದ್ದು ಕಾಣುವ ತೊಡಕು ಇನ್ನೂ ಸಣ್ಣದು, ದಿನನಿತ್ಯದ್ದು. ಪ್ರಶ್ನೆಗಳ ನಡುನಡುವೆ ಗಂಡ ಹೆಂಡತಿ ಕನ್ನಡಕ್ಕೆ ಹೊರಳುತ್ತಾರೆ. ‘ಏನಂತೀಯಾ?’ ‘ಮಗು ಹೆದರಿಕೊಳ್ಳುತ್ತೇನೋ.’ ಆಕೆಗೆ ಮಾತು ತಿಳಿಯದು. ಮಾತು ತನ್ನ ಬಗ್ಗೆ ಎಂಬುದು ಕಣ್ಣು ಹೊರಳುವುದರಿಂದಲೇ ತಿಳಿಯುತ್ತದೆ. ‘ಕರಿಯ’ ಎಂಬ ಪದವನ್ನು ಇಷ್ಟು ಸರಾಗವಾಗಿ ಆಡುವ ಮನೆಗಳಲ್ಲಿ ಮೂರು ವರ್ಷದ ಮಗು ಅದನ್ನು ಕಲಿತು, ಅರ್ಥವನ್ನೂ ಇಂಗ್ಲಿಷಿನಲ್ಲಿ ವಿವರಿಸುವ ದಿನ ದೂರವಿರುವುದಿಲ್ಲ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ನಮ್ಮವರೇ ಬೇಕು’ ಎಂಬ ಬೇಡಿಕೆ ದಿನಾ ಬರುತ್ತದೆ. ಮಗುವಿನ ಕಿವಿಗೆ ಕನ್ನಡ ಬೀಳಲಿ, ಅನ್ನ ಸಾರು ಕಲಸಿ ತಿನ್ನಿಸಲು ಬರಲಿ ಎಂಬ ಆಸೆ ನನಗೆ ಅರ್ಥವಾಗುತ್ತದೆ. ಅದು ಭಾಷೆಯ, ಊಟದ ಆಸೆ. ಅಮೆರಿಕದಲ್ಲೇ ಹುಟ್ಟಿದ, ಕನ್ನಡ ಬಾರದ ಗುಜರಾತಿ ಹೆಂಗಸಾದರೂ ಆಗಬಹುದು, ಕಪ್ಪು ಮಹಿಳೆ ಬೇಡ ಎಂದಾಗ ಅದು ಬೇರೆಯೇ ಆಸೆ. ಅದಕ್ಕೆ ಕನ್ನಡದ ಹೆಸರು ಹೇಳಬಾರದು.

ಈ ಸೋಫಾದ ಆಚೆ ತುದಿಯಲ್ಲಿ ಕೂತ ಕನ್ನಡಿತಿಯರೂ ಇದ್ದಾರೆ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಗಂಡನ ಎಚ್-1ಬಿ ಹಿಂದೆ ಎಚ್-4 ವೀಸಾದಲ್ಲಿ ಬಂದವರು. 2015ರ ಮೇ 26ರಿಂದ ಅವರಲ್ಲಿ ಕೆಲವರಿಗೆ, ಮುಖ್ಯವಾಗಿ ಗಂಡನ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾದವರಿಗೆ, ದುಡಿಯುವ ಅನುಮತಿ ಸಿಗುತ್ತಿದೆ. ಪದವಿಗಳ ಮೌಲ್ಯಮಾಪನ, ಶಿಕ್ಷಕರ ಲೈಸೆನ್ಸು ಎಂದು ಕಾಯುವ ಬದಲು ಡೇಕೇರಿನಲ್ಲೋ ಬಿಳಿಯರ ಮನೆಯಲ್ಲೋ ಮಕ್ಕಳನ್ನು ನೋಡಿಕೊಳ್ಳಲು ಹೊರಡುತ್ತಾರೆ. ಅವರ ಅಳುಕಿನ ಬಗೆ ಬೇರೆ: ನನ್ನ ಇಂಗ್ಲಿಷ್ ಉಚ್ಚಾರಣೆ ಮಗುವಿಗೆ ಅಂಟುತ್ತದೆ ಎಂದಾರೇ, ಒಗ್ಗರಣೆ ವಾಸನೆ ಬಟ್ಟೆಯಲ್ಲಿದೆಯೇ, ಮಾಂಸ ಬಿಸಿಮಾಡಿ ತಿನ್ನಿಸು ಎಂದರೆ ಏನು ಹೇಳಲಿ, ಊರಲ್ಲಿ ಅತ್ತೆಗೆ ಈ ಕೆಲಸವನ್ನು ಏನೆಂದು ಹೇಳಲಿ. ಕೊನೆಯ ಪ್ರಶ್ನೆಯೇ ಬಹಳ ಜನರನ್ನು ತಡೆಯುವುದು. ಅನುಮತಿಯಿಲ್ಲದೆ ಕೈಗೆ ಕಾಸು ಪಡೆದು ದುಡಿದರೆ ವೀಸಾಕ್ಕೇ ಕುತ್ತು, ಅದೂ ಸೇರಿದರೆ ಯಜಮಾನಿ ಏನೆಂದರೂ ತಲೆಯಾಡಿಸಬೇಕಾದ ಸ್ಥಿತಿ. ಇಂಥ ಅತಂತ್ರ ಸ್ಥಿತಿ ಹೊಸದಲ್ಲ. ಬ್ರಿಟಿಷರ ಮಕ್ಕಳೊಂದಿಗೆ ಹಡಗು ಹತ್ತಿದ ಭಾರತದ ಆಯಾಗಳಲ್ಲಿ ಎಷ್ಟೋ ಜನರನ್ನು ಇಂಗ್ಲೆಂಡ್ ತಲುಪಿದ ಮೇಲೆ ನಡುನೀರಿನಲ್ಲಿ ಕೈಬಿಡುತ್ತಿದ್ದರು; ಅಂಥವರಿಗಾಗಿ ಲಂಡನ್ನಿನ ಹ್ಯಾಕ್ನಿಯಲ್ಲಿ ಒಂದು ಆಶ್ರಯಮನೆಯೇ ಇತ್ತು. 2022ರಲ್ಲಿ ಆ ಕಟ್ಟಡಕ್ಕೆ ನೀಲಿ ಫಲಕ ಹಾಕಿದರು.

ಮಗು ನೋಡಿಕೊಳ್ಳಲು ಬಂದವರ ಓದು ಏನು, ಮುಂದೆ ಏನು ಮಾಡಬೇಕೆಂದಿದ್ದಾರೆ ಎಂದು ಕೇಳುವ ಮನೆ ಅಪರೂಪ. ನಾರ್ತ್ ಕ್ಯಾರೊಲಿನಾದ ಹೆಂಡರ್ಸನ್‌ನಲ್ಲಿ ಹುಟ್ಟಿದ ಷಾರ್ಲಟ್ ಹಾಕಿನ್ಸ್ ಎಂಬ ಕಪ್ಪು ಹುಡುಗಿ, ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಮೆಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಶಿಶುಪಾಲನೆಯ ಕೆಲಸ ಮಾಡುತ್ತಿದ್ದಳು. ಒಂದು ಕೈಯಲ್ಲಿ ಮಗುವಿನ ಗಾಡಿ ತಳ್ಳುತ್ತ, ಇನ್ನೊಂದು ಕೈಯಲ್ಲಿ ಲ್ಯಾಟಿನ್ ಕವಿ ವರ್ಜಿಲ್‌ನನ್ನು ಹಿಡಿದು ಓದುತ್ತ ಹೋಗುತ್ತಿದ್ದ ಆಕೆಯನ್ನು ಕಂಡು ನಿಂತವರು ವೆಲ್ಲೆಸ್ಲಿ ಕಾಲೇಜಿನ ಮಾಜಿ ಅಧ್ಯಕ್ಷೆ ಆಲಿಸ್ ಫ್ರೀಮನ್ ಪಾಮರ್. ಮುಂದಿನ ಓದಿಗೆ ಅವರು ನೆರವಾದರು. 1902ರಲ್ಲಿ ಷಾರ್ಲಟ್ ನಾರ್ತ್ ಕ್ಯಾರೊಲಿನಾದ ಸೆಡಾಲಿಯಾದಲ್ಲಿ ಕಟ್ಟಿದ ಶಾಲೆಗೆ ಪಾಮರ್ ಅವರ ಹೆಸರೇ ಬಂತು, ದೇಶದ ಹೆಸರಾಂತ ಕಪ್ಪು ವಿದ್ಯಾಸಂಸ್ಥೆಗಳಲ್ಲಿ ಅದೂ ಒಂದಾಯಿತು. ಇದನ್ನು ಎಲ್ಲರಿಗೂ ನಡೆಯುವ ಪವಾಡವೆಂದು ಹೇಳುತ್ತಿಲ್ಲ. ಗಾಡಿ ತಳ್ಳುವ ಕೈಯಲ್ಲಿ ಪುಸ್ತಕ ಕಂಡು ಒಬ್ಬರಾದರೂ ನಿಂತದ್ದು ವಿಶೇಷ, ಅಷ್ಟೆ.

ಹಾಗಾದರೆ ಸಂದರ್ಶನದಲ್ಲಿ ಏನಾಗಬೇಕು? ಮನೆಯವರು ಸಿಹಿಯಾಗಿ ಮಾತಾಡಿದರೆ ಅಳುಕು ಹೋಗುತ್ತದೆ ಎಂಬ ನಂಬಿಕೆ ನನಗಿಲ್ಲ. ಕೇಸರಿಭಾತು ಕೊಟ್ಟು ಉಪಚರಿಸಿ, ಸಂಬಳದ ಮಾತನ್ನು ‘ಆಮೇಲೆ ನೋಡೋಣ’ ಎಂದು ತಳ್ಳುವ ಮನೆಗಿಂತ, ಮೊದಲ ಐದು ನಿಮಿಷದಲ್ಲೇ ಗಂಟೆಗೆ ಇಷ್ಟು, ವಾರಕ್ಕೆ ಇಷ್ಟು ಹೊತ್ತು, ನಲವತ್ತು ಗಂಟೆ ದಾಟಿದರೆ ಒಂದೂವರೆ ಪಟ್ಟು ಎಂದು ಹೇಳುವ ಮನೆ ಹೆಚ್ಚು ಧೈರ್ಯ ಕೊಡುತ್ತದೆ. ಮನೆಯಲ್ಲಿ ಕ್ಯಾಮೆರಾ ಎಲ್ಲೆಲ್ಲಿದೆ ಎಂದು ಮನೆಯವರೇ ತೋರಿಸಬೇಕು, ಆಕೆ ಮೂಲೆ ಮೂಲೆ ಹುಡುಕುವ ಹಾಗಾಗಬಾರದು. ಮನೆಯಲ್ಲಿ ಮಾಂಸ ತರುವುದಿಲ್ಲವೆಂದರೆ ಅದನ್ನು ನಾಚಿಕೆಯಿಲ್ಲದೆ ಮೊದಲೇ ಹೇಳಿ, ಹಾಗಾದರೆ ಮಧ್ಯಾಹ್ನದ ಊಟಕ್ಕೆ ಏನು ವ್ಯವಸ್ಥೆ ಎಂಬುದನ್ನೂ ಜೊತೆಯಲ್ಲೇ ಹೇಳಬೇಕು. ಅಜ್ಜಿ ಮನೆಯಲ್ಲಿರುತ್ತಾರೆಂದರೆ ಅವರಿಬ್ಬರಲ್ಲಿ ಮಗುವಿನ ವಿಷಯಕ್ಕೆ ಯಾರ ಮಾತು ಅಂತಿಮ ಎಂಬುದೂ ಇತ್ಯರ್ಥವಾಗಬೇಕು. ಇಲ್ಲದಿದ್ದರೆ ಹರಳೆಣ್ಣೆಯ ವಿಷಯಕ್ಕೆ ಮೊದಲ ವಾರವೇ ಜಗಳ. ಪಾರ್ಕಿನಲ್ಲಿ ತೋರಿಸಲು ತಂದೆ ತಾಯಿ ಸಹಿ ಮಾಡಿದ ಒಂದು ಪತ್ರ, ತುರ್ತಿಗೆ ಎರಡು ಫೋನ್ ನಂಬರು, ಅಕ್ಕಪಕ್ಕದವರಿಗೆ ಮೊದಲ ದಿನವೇ ಹೆಸರು ಹೇಳಿ ಪರಿಚಯ. ಕಾಬ್ ಕೌಂಟಿಯಂಥ ಪ್ರಸಂಗ ಬಂದರೆ ಬೇಕಾಗುವುದು ಇವೇ.

ತೆರಿಗೆಯ ಮಾತಿನಿಂದ ಇಬ್ಬರೂ ತಪ್ಪಿಸಿಕೊಳ್ಳುತ್ತಾರೆ. ಒಬ್ಬರಿಗೆ ವರ್ಷಕ್ಕೆ ಕೊಟ್ಟದ್ದು ನಿಗದಿತ ಮಿತಿ (2025ರಲ್ಲಿ ಅದು 2,800 ಡಾಲರ್ ಇತ್ತು) ಮುಟ್ಟಿದರೆ, ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರಿಗೆಂದು ಮನೆಯವರು ಶೇ 7.65 ಕಟ್ಟಬೇಕು, ಅಷ್ಟೇ ಪಾಲು ಕೆಲಸದವರದ್ದು. 1993ರಲ್ಲಿ ಕ್ಲಿಂಟನ್ ಅಟಾರ್ನಿ ಜನರಲ್ ಹುದ್ದೆಗೆ ಆರಿಸಿದ್ದ ಜೊಯಿ ಬೇರ್ಡ್ ಹಿಂದೆ ಸರಿಯಬೇಕಾದದ್ದು, ದಾಖಲೆಯಿಲ್ಲದವರನ್ನು ಮನೆಗೆಲಸಕ್ಕಿಟ್ಟು ಈ ತೆರಿಗೆ ಕಟ್ಟದ್ದರಿಂದಲೇ. ಕೈಗೆ ಕಾಸು ಕೊಟ್ಟರೆ ಇಬ್ಬರಿಗೂ ಉಳಿತಾಯ ಎನ್ನುವವರು, ಮುಪ್ಪಿನಲ್ಲಿ ಆಕೆಯ ಪಿಂಚಣಿಯ ಲೆಕ್ಕದಲ್ಲಿ ಈ ವರ್ಷಗಳೇ ಇರುವುದಿಲ್ಲ ಎಂಬುದನ್ನು ಹೇಳುವುದಿಲ್ಲ.

ಇಷ್ಟಾದ ಮೇಲೆ ಮನೆಯವರು ‘ನೀವೇನಾದರೂ ಕೇಳುವುದಿದೆಯಾ?’ ಎನ್ನುತ್ತಾರೆ. ಬಹಳ ಜನ ಇಲ್ಲವೆಂದು ನಕ್ಕು ಏಳುತ್ತಾರೆ. ಕೇಳಲೇಬೇಕಾದ ಎರಡು ಮಾತುಗಳಿವೆ. ಪ್ರಯೋಗಕ್ಕೆಂದು ಒಂದು ದಿನ ಬರಲು ಹೇಳಿದರೆ ಅದಕ್ಕೆ ಸಂಬಳವಿದೆಯೇ ಎಂಬುದು ಒಂದು. ಇನ್ನೊಂದು, ಇದಕ್ಕೆ ಮುಂಚೆ ಇದ್ದವರು ಯಾಕೆ ಬಿಟ್ಟರು, ಅವರ ಜೊತೆ ಮಾತಾಡಬಹುದೇ ಎಂಬುದು. ಕೆಲಸಕ್ಕೆ ಬಂದವರಿಂದ ಮೂರು ಮನೆಗಳ ನಂಬರು ಪಡೆದು ಫೋನ್ ಮಾಡಿ ವಿಚಾರಿಸುವ ನಮ್ಮವರು, ಹಿಂದಿನ ನ್ಯಾನಿಯ ನಂಬರು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ನಂಬರು ಬರೆದುಕೊಟ್ಟ ಮನೆಗೆ ಆಕೆ ಸೋಮವಾರದಿಂದ ಬರಬಹುದು. ಕೊಡದ ಮನೆಯವರು ಇನ್ನೂ ಒಬ್ಬಿಬ್ಬರನ್ನು ನೋಡಲಿ.